ಮನೆ ಹೋಳಿಗೆ ಬೇಕು ಅನ್ನೋರು ಮೊದಲು ಕಣಕ ನಾದಿ

ಎರಡು ವರ್ಷದ ಹಿಂದೆ ಯುಗಾದಿಗೆ ನಾನೊಂದು ಬರಹ ಬರೆದೆ. "ಮರೆಯಾಗುತ್ತಿದೆ ಮನೆ ಹೋಳಿಗೆಯ ಘಮಲು" ಅಂತ ತಲೆಬರಹ. ಈಗಿನ ಹೆಣ್ಣುಮಕ್ಕಳಿಗೆ ಹೋಳಿಗೆ ಮಾಡೋಕೆ ಪುರುಸೊತ್ತಿಲ್ಲ, ಎಲ್ಲರೂ ಅಂಗಡಿಯಿಂದ ಡಬ್ಬಿ ತರುತ್ತಾರೆ, ಅಜ್ಜಿಯ ಕೈರುಚಿ ಅಜ್ಜಿ ಜೊತೆಗೇ ಹೋಯಿತು. ಹೀಗೇ ನಾಲ್ಕು ಪ್ಯಾರಾ. ಡೆಸ್ಕಿನವರು ಚೆನ್ನಾಗಿದೆ ಅಂದರು. ನಮ್ಮೂರಿನ ವಾಟ್ಸಾಪ್ ಗುಂಪಿಗೂ ಹೋಯಿತು. ಗಂಡಸರೆಲ್ಲ ಕೈ ಮುಗಿದ ಚಿತ್ರ ಹಾಕಿದರು.

ನನ್ನ ಹೆಂಡತಿ ಅವತ್ತು ರಾತ್ರಿ ಹನ್ನೊಂದು ಗಂಟೆಗೆ ಹೊಲಿಗೆ ಮಷೀನಿನ ಮುಂದೆ ಕೂತು ಅದನ್ನ ಓದಿದಳು. ಅವಳು ಬ್ಲೌಸ್ ಹೊಲಿಯುತ್ತಾಳೆ. ಯುಗಾದಿ ಮುಂಚಿನ ಹತ್ತು ದಿನ ಅವಳಿಗೆ ವರ್ಷದ ಸುಗ್ಗಿ. ಹಬ್ಬದ ಹಿಂದಿನ ರಾತ್ರಿವರೆಗೂ ಯಾರಾದರೂ ಬಂದು "ಅಕ್ಕಾ, ನಂದು ಆಯ್ತಾ?" ಅಂತ ಬಾಗಿಲು ಬಡಿಯುತ್ತಲೇ ಇರುತ್ತಾರೆ. ಓದಿ ಮುಗಿಸಿ ಅವಳು ಕೇಳಿದ್ದು ಇಷ್ಟೇ: "ರೀ, ಎಲ್ಲಾ ಬರ್ದೀರಿ. ಹೋಳಿಗೆ ಮಾಡೋರು ಯಾರು ಅಂತ ಮಾತ್ರ ಬರ್ದಿಲ್ಲ."

ನಾನು ಏನೋ ಸಮಜಾಯಿಷಿ ಹೇಳೋಕೆ ಹೋದೆ. "ಅಷ್ಟು ಬೇಜಾರಾಗಿದ್ರೆ ಬರೋ ವರ್ಷ ನೀವೇ ಮಾಡಿ" ಅಂದು ಮಷೀನು ತುಳಿಯತೊಡಗಿದಳು. ಹೊಲಿಗೆಗೂ ಹೋಳಿಗೆಗೂ ಬರೆಯೋದರಲ್ಲಿ ಒಂದು ದೀರ್ಘ, ಒಂದು ಳಕಾರದ ವ್ಯತ್ಯಾಸ. ಎರಡೂ ಅವಳ ತಲೆ ಮೇಲೇ ಇದ್ದವು ಅನ್ನೋದು ನನಗೆ ಅವತ್ತು ಹೊಳೆಯಿತು. ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ತಪ್ಪು ಬರೆದರೆ ತಿದ್ದುಪಡಿ ಹಾಕಬೇಕು ಅಂತ ಕಲಿಸಿದ್ದರು. ಈ ಬರಹ ಆ ಬರಹದ ತಿದ್ದುಪಡಿ.

ಹೋದ ವರ್ಷ ತಪ್ಪಿಸಿಕೊಂಡೆ. ನಾಲೆ ಕೊನೆಭಾಗಕ್ಕೆ ನೀರು ಬಂದಿಲ್ಲ ಅಂತ ಮಲೇಬೆನ್ನೂರು ಕಡೆ ರೈತರು ರಸ್ತೆಗೆ ಕೂತಿದ್ದರು, ಸುದ್ದಿಗೆ ಹೋಗಲೇಬೇಕಿತ್ತು. ಭದ್ರಾ ನಾಲೆಯ ಕೊನೆಭಾಗದ ಗೋಳು ಬೇಸಿಗೆ ಬಂದರೆ ನಮ್ಮ ಕಡೆ ಇದ್ದದ್ದೇ, ಹಂಗಾಗಿ ನೆಪವೂ ಪ್ರತಿ ವರ್ಷ ಸಿಗುತ್ತದೆ. ಈ ವರ್ಷ ಸಿಗಲಿಲ್ಲ. ಅವ್ವನಿಗೆ ಮಣಿಕಟ್ಟು ನೋವು ಜಾಸ್ತಿಯಾಗಿ ಲಟ್ಟಣಿಗೆ ಹಿಡಿಯೋಕೆ ಆಗುತ್ತಿರಲಿಲ್ಲ. ಅವಳು ಮಾಡಲ್ಲ, ಹೆಂಡತಿ ಮಾಡಲ್ಲ. ಒಂದೋ ಅಂಗಡಿಯ ಹೋಳಿಗೆ, ಇಲ್ಲಾ ನನ್ನದು.

ನಾನು ಆರಿಸಿಕೊಂಡದ್ದು ಸಕ್ಕರೆ ಹೋಳಿಗೆ. ಬೇಳೆ ಹೋಳಿಗೆಗಿಂತ ಸುಲಭ ಅಂದುಕೊಂಡು ಆರಿಸಿಕೊಂಡೆ. ತಪ್ಪು ಲೆಕ್ಕ ಅಂತ ಆಮೇಲೆ ಗೊತ್ತಾಯಿತು.

ನಮ್ಮ ಮನೆಯಲ್ಲಿ ನಾನು ಚಿಕ್ಕವನಿದ್ದಾಗ ಹಬ್ಬಕ್ಕೆ ಹೆಚ್ಚಾಗಿ ಆಗುತ್ತಿದ್ದದ್ದು ಇದೇ. ಸಕ್ಕರೆ ಹೋಳಿಗೆ ಅಂದರೆ ಶ್ರೀಮಂತರ ತಿಂಡಿ ಅಂತ ಈಗಲೂ ಕೆಲವರು ಅಂದುಕೊಳ್ಳುತ್ತಾರೆ. ನಮ್ಮನೆಯಲ್ಲಿ ಉಲ್ಟಾ. ತೊಗರಿ ಬೇಳೆ ದುಡ್ಡು ಕೊಟ್ಟು ತರಬೇಕಿತ್ತು. ಸಕ್ಕರೆ ಸೊಸೈಟಿಯಲ್ಲಿ ಕಾರ್ಡಿಗೆ ಸಿಗುತ್ತಿತ್ತು. ಕಾರ್ಖಾನೆಗಳಿಂದ ಸರ್ಕಾರ ಕಡಿಮೆ ದರಕ್ಕೆ ಲೆವಿ ಸಕ್ಕರೆ ಪಡೆದು ಹಂಚುತ್ತಿದ್ದ ಕಾಲ ಅದು; 2013ರಲ್ಲಿ ಕೇಂದ್ರ ಸರ್ಕಾರ ಆ ಲೆವಿ ಪದ್ಧತಿಯನ್ನೇ ತೆಗೆಯಿತು. ಅವ್ವ ತಿಂಗಳ ಸಕ್ಕರೆಯಲ್ಲಿ ಒಂದೊಂದು ಹಿಡಿ ಉಳಿಸಿ ಡಬ್ಬಿಗೆ ಹಾಕುತ್ತಿದ್ದಳು. ಮನೆಯಲ್ಲಿ ಒಂದು ಎಮ್ಮೆ ಇತ್ತು, ಕೆನೆಗೆ ಬರ ಇರಲಿಲ್ಲ. ಸಕ್ಕರೆ, ಕೆನೆ, ಒಂದು ಸೇರು ರವೆ. ಇದ್ದದ್ದರಲ್ಲೇ ಹಬ್ಬ ಆಗಿಹೋಗುತ್ತಿತ್ತು. ಬೇಳೆ ಬೇಯಿಸದ ಮೇಲೆ ಕಟ್ಟಿನ ಸಾರು ಇಲ್ಲ ಅನ್ನೋದೊಂದೇ ಅಪ್ಪನ ತಕರಾರು. ಹೋಳಿಗೆ ಅಂದರೆ ಕಟ್ಟಿನ ಸಾರು ಇರಲೇಬೇಕು ಅನ್ನೋ ಪೈಕಿ ಆತ.

ಇಂಥದ್ದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಸಕ್ಕರೆ ಕೆನೆ ಪೈ ಅಂತ ಒಂದು ಸಿಹಿ ಇದೆ. ಹಿಟ್ಟಿನ ತೆಳು ಬಟ್ಟಲಿನೊಳಗೆ ಕೆನೆ, ಸಕ್ಕರೆ, ಒಂದಿಷ್ಟು ಹಿಟ್ಟು, ಬೆಣ್ಣೆ ಸೇರಿಸಿ ಹಾಕಿ ಓವನ್ನಿನಲ್ಲಿ ಬೇಯಿಸುತ್ತಾರೆ. ಚಳಿಗಾಲದಲ್ಲಿ ಸೇಬು ಖಾಲಿಯಾದಾಗ ರೈತರ ಮನೆಯಲ್ಲಿ ಉಳಿದಿದ್ದ ಸಾಮಾನಿನಲ್ಲೇ ಮಾಡುತ್ತಿದ್ದ ಸಿಹಿ ಅದು. 2009ರಲ್ಲಿ ಆ ರಾಜ್ಯದ ಸೆನೆಟ್ ಗೊತ್ತುವಳಿ ಮಾಡಿ ಅದಕ್ಕೆ ತಮ್ಮ ರಾಜ್ಯದ ಪೈ ಅನ್ನೋ ಮರ್ಯಾದೆ ಕೊಟ್ಟಿತು. ಫೋನಿನಲ್ಲಿ ಅದರ ವಿಡಿಯೋ ಅವ್ವನಿಗೆ ತೋರಿಸಿದೆ. "ನಮ್ಮ ಹೂರಣನೇ ಐತಲ್ಲೋ, ಮುಚ್ಚಳ ಹಾಕದೆ ಬಿಟ್ಟಾರೆ ನೋಡು" ಅಂದಳು.

ಇರಲಿ. ಮಾಡಿದ್ದು ಹೇಗೆ ಅಂತ ಹೇಳುತ್ತೇನೆ. ಯಾಕೆಂದರೆ ಇದನ್ನ ಓದಿ ಯಾರಾದರೂ ಒಬ್ಬ ಗಂಡಸು ಮಾಡಲಿ ಅನ್ನೋದೇ ನನ್ನ ಆಸೆ, ಮತ್ತೆ ಯೂಟ್ಯೂಬಿನವರು ಹೇಳದ ಕೆಲವು ಮಾತು ಇದರಲ್ಲಿದೆ.

ಕಣಕಕ್ಕೆ ಕಾಲು ಕೆಜಿ ಮೈದಾ, ಒಂದು ಹಿಡಿ ಚಿರೋಟಿ ರವೆ, ಚಿಟಿಕೆ ಅರಿಸಿನ, ಚಿಟಿಕೆ ಉಪ್ಪು. ಚಪಾತಿ ಹಿಟ್ಟಿಗಿಂತ ಮೆತ್ತಗೆ ಕಲಸಬೇಕು. ಕೈಗೆ ಅಂಟುತ್ತದೆ, ಅಂಟಲಿ. ಆಮೇಲೆ ಎಣ್ಣೆ ಹಾಕುತ್ತ ಹಾಕುತ್ತ ನಾದಬೇಕು. ನಾನು ಐದು ನಿಮಿಷ ನಾದಿ ಸಾಕು ಅಂದೆ. ಅವ್ವ ಕುರ್ಚಿಯಲ್ಲಿ ಕೂತಿದ್ದವಳು ಒಂದು ಚೂರು ಕಿತ್ತು ಎಳೆದಳು. ಪಟ್ ಅಂತ ಹರಿಯಿತು. "ಇನ್ನೂ ನಾದು. ಎಳೆದ್ರೆ ರಬ್ಬರಿನಂಗೆ ಬರ್ಬೇಕು." ಮತ್ತೆ ಕಾಲು ತಾಸು. ತೋಳಿನಲ್ಲಿ ಎಲ್ಲಿಲ್ಲದ ನೋವು. ಗದ್ದೆಯಲ್ಲಿ ಚೀಲ ಹೊತ್ತವನು ನಾನು, ಆದರೂ ಈ ನೋವು ಬೇರೆ ಜಾಗದಲ್ಲಿ, ಮಣಿಕಟ್ಟಿನಲ್ಲಿ. ಅವ್ವನಿಗೆ ಈಗ ನೋಯುವುದೂ ಅಲ್ಲೇ.

ನಾದಿದ ಮೇಲೆ ಎಣ್ಣೆ ಸವರಿ ಎರಡು ತಾಸು ಮುಚ್ಚಿಡಬೇಕು. ನಾದಿದಾಗ ಗೋಧಿಯ ಅಂಟು ಬಿಗಿಯಾಗಿರುತ್ತದೆ, ಆಗಲೇ ಲಟ್ಟಿಸಿದರೆ ರಬ್ಬರಿನ ಹಾಗೆ ವಾಪಸ್ ಮುದುಡುತ್ತದೆ. ನೆನೆದರೆ ಸಡಿಲಾಗಿ, ಹೇಳಿದ ಮಾತು ಕೇಳುತ್ತದೆ.

ಹೂರಣದಲ್ಲಿ ಇರೋದು ನಿಜವಾದ ಪರೀಕ್ಷೆ. ಬೇಳೆ ಹೂರಣ ಬೆಂದು, ರುಬ್ಬಿಸಿಕೊಂಡು ಒಂದೇ ಮುದ್ದೆಯಾಗಿರುತ್ತದೆ, ಒಳಗೆ ತೆಪ್ಪಗೆ ಕೂರುತ್ತದೆ. ಸಕ್ಕರೆ ಹಾಗಲ್ಲ. ಶಾಖ ತಾಗಿದ ಕೂಡಲೇ ಕರಗಿ ನೀರಾಗಿ, ಕಣಕ ಎಲ್ಲಿ ತೆಳು ಇದೆಯೋ ಅಲ್ಲಿಂದ ಹೊರಗೆ ಬರುತ್ತದೆ. ಅದನ್ನ ಹಿಡಿದಿಡೋಕೆ ಒಳಗೊಂದು ಹಿಟ್ಟೋ ರವೆಯೋ ಬೇಕು, ಅದೂ ಹುರಿದದ್ದು. ಕಾಲು ಕೆಜಿ ಚಿರೋಟಿ ರವೆಯನ್ನ ಎರಡು ಚಮಚ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿಯಬೇಕು. ಬಣ್ಣ ತಿರುಗಬಾರದು, ಘಮ ಮಾತ್ರ ಬರಬೇಕು. ಆರಿದ ಮೇಲೆ ನಾಲ್ಕೈದು ಚಮಚ ಕೆನೆ ಹಾಕಿ ಕೈಯಲ್ಲಿ ತಿಕ್ಕಿ, ಅರ್ಧ ತಾಸು ಮುಚ್ಚಿಡಬೇಕು. ಕೆನೆ ಕುಡಿದು ರವೆ ಮೆತ್ತಗಾಗುತ್ತದೆ. ಕೊನೆಗೆ, ಕೊನೆಗೇ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿದ ಕಾಲು ಕೆಜಿ ಸಕ್ಕರೆ. ಜೊತೆಗೆ ಒಣಕೊಬ್ಬರಿ ತುರಿ, ಹುರಿದ ಗಸಗಸೆ, ಏಲಕ್ಕಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಬೆರಳಲ್ಲಿ ಒತ್ತಿದರೆ ಪುಡಿ ಆಗಬೇಕು.

ನಾನು ಜಾಣತನ ಮಾಡಿ ಕೆನೆ, ಸಕ್ಕರೆ ಎರಡನ್ನೂ ಒಟ್ಟಿಗೆ ಸುರಿದೆ. ಹತ್ತು ನಿಮಿಷದಲ್ಲಿ ಸಕ್ಕರೆ ಆ ಕೆನೆಯ ನೀರನ್ನೆಲ್ಲ ತಾನೇ ಎಳೆದುಕೊಂಡು ಪಾಕವಾಯಿತು, ರವೆ ಮಾತ್ರ ಮರಳಿನ ಹಾಗೆ ಉಳಿಯಿತು. ಅವ್ವ ಬಗ್ಗಿ ನೋಡಿ, "ಎಮ್ಮೆಗೆ ಕಲಗಚ್ಚು ಕಲಸಿದಂಗೆ ಐತೆ" ಅಂದಳು. ಇನ್ನೊಂದು ಹಿಡಿ ರವೆ ಹುರಿದು ಸೇರಿಸಿ, ಅರ್ಧ ತಾಸು ಬಿಟ್ಟು, ಹೇಗೋ ರಿಪೇರಿ ಆಯಿತು.

ತಟ್ಟೋದರ ಬಗ್ಗೆ ಜಾಸ್ತಿ ಹೇಳಲ್ಲ, ಅದು ಕೈಗೆ ಬರಬೇಕಾದ್ದು. ಕಣಕದ ಉಂಡೆ, ಹೂರಣದ ಉಂಡೆಗಿಂತ ಸ್ವಲ್ಪ ದೊಡ್ಡದಿರಲಿ. ಬಾಳೆ ಎಲೆ ಇಲ್ಲದಿದ್ದರೆ ಎಣ್ಣೆ ಸವರಿದ ದಪ್ಪ ಹಾಳೆ ಸಾಕು. ನಡುವಿನಿಂದ ಅಂಚಿಗೆ ಬೆರಳು ಹೋಗಬೇಕು. ಹಂಚು ಕಾದ ಮೇಲೆ ಉರಿ ಇಳಿಸಲೇಬೇಕು. ನಾನು ಇಳಿಸಲಿಲ್ಲ. ಮೊದಲ ನಾಲ್ಕು ಹೋಳಿಗೆಯೂ ಒಡೆದು, ಸಕ್ಕರೆ ಹಂಚಿನ ಮೇಲೆ ಹರಿದು, ಸೀದು, ಮನೆಯೆಲ್ಲ ಹೊಗೆ. ಮಗಳು ಮೂಗು ಮುಚ್ಚಿಕೊಂಡು ಬಂದು "ಅಪ್ಪಾ, ಇದು ಹೋಳಿಗೆನಾ ಹಪ್ಪಳನಾ?" ಅಂದಳು. ಪ್ರತಿ ಸಲ ಹಂಚು ಕೆರೆದು, ಒರೆಸಿ, ಮತ್ತೆ ಕಾಯಿಸಬೇಕು. ಅದೂ ಗ್ಯಾಸಿನ ಒಲೆಯಲ್ಲಿ ಗುಬುಟು ತಿರುಗಿಸಿದರೆ ಉರಿ ಇಳಿಯುತ್ತದೆ. ಅವ್ವ ಇದನ್ನೇ ಭತ್ತದ ಹೊಟ್ಟಿನ ಒಲೆ ಮೇಲೆ ಮಾಡುತ್ತಿದ್ದಳು.

ವರದಿಗಾರನ ಚಟ, ಸಮಯ ಬರೆದುಕೊಂಡಿದ್ದೆ. ಬೆಳಿಗ್ಗೆ 5.40ಕ್ಕೆ ಶುರು, 10.20ಕ್ಕೆ ಮುಗಿಯಿತು. ಒಟ್ಟು 22 ಹೋಳಿಗೆ, ತಿನ್ನುವಂಥವು 18. ಪಾತ್ರೆ ತೊಳೆಯೋಕೆ ಇನ್ನೊಂದು ಮುಕ್ಕಾಲು ತಾಸು. ದೊಡ್ಡ ಸಾಧನೆ ಅಂದುಕೊಂಡೆ. ಆಮೇಲೆ ಇನ್ನೊಂದು ಗಮನಕ್ಕೆ ಬಂತು. ಕಣಕ ನೆನೆಯೋ ಎರಡು ತಾಸಿನಲ್ಲಿ ಹೂರಣದ ಕೆಲಸ ಬಿಟ್ಟರೆ ಮಿಕ್ಕ ಹೊತ್ತು ನಾನು ಫೋನ್ ನೋಡುತ್ತ ಕೂತಿದ್ದೆ. ಅದೇ ಹೊತ್ತಿನಲ್ಲಿ ಹೆಂಡತಿ ಮನೆ ಒರೆಸಿ, ಮಗಳಿಗೆ ಎಣ್ಣೆ ಸ್ನಾನ ಮಾಡಿಸಿ, ಬೇವು-ಬೆಲ್ಲ ಕುಟ್ಟಿ, ಪಲ್ಯ, ಕೋಸಂಬರಿ, ಅನ್ನ, ಸಾರು ಮುಗಿಸಿ, ನಡುವೆ ಎರಡು ಬ್ಲೌಸಿಗೆ ಹುಕ್ಕು ಹಚ್ಚಿ ಕೊಟ್ಟಿದ್ದಳು. ನಾನು ಮಾಡಿದ್ದು ಹಬ್ಬದ ಅಡುಗೆಯಲ್ಲಿ ಒಂದು ಐಟಂ. ಅದಕ್ಕೇ ಬೀದಿಯವರೆಲ್ಲ ಬಂದು ನೋಡಿ ಹೋದರು. ಅವಳನ್ನು ಯಾರೂ ನೋಡೋಕೆ ಬರಲಿಲ್ಲ.

ಇದು ನಮ್ಮ ಮನೆಯ ಕತೆ ಮಾತ್ರ ಅಲ್ಲ ಅಂತ ಸರ್ಕಾರದ ಲೆಕ್ಕವೇ ಹೇಳುತ್ತದೆ. ಕೇಂದ್ರ ಅಂಕಿಅಂಶ ಇಲಾಖೆ 2019ರಲ್ಲಿ ದೇಶದ ಜನ ದಿನದ ಹೊತ್ತನ್ನ ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿತು. ಸಂಬಳ ಇಲ್ಲದ ಮನೆಗೆಲಸದಲ್ಲಿ ದಿನಕ್ಕೆ ಸ್ವಲ್ಪ ಹೊತ್ತಾದರೂ ಕೈ ಹಾಕೋ ಹೆಂಗಸರು 100ಕ್ಕೆ 81. ಗಂಡಸರು 26. ಹಾಗೆ ಕೈ ಹಾಕಿದ ಹೆಂಗಸರು ಅದಕ್ಕೆ ಕೊಡೋ ಹೊತ್ತು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. 299 ನಿಮಿಷ ಅಂದರೆ ಹತ್ತತ್ತಿರ ಐದು ತಾಸು. ನಾನು ವರ್ಷಕ್ಕೊಮ್ಮೆ ಮಾಡಿ ಸುಸ್ತಾದಷ್ಟು ಹೊತ್ತು ಅವರಿಗೆ ದಿನಾ. ಮಾಮೂಲಿ ದಿನದ ಲೆಕ್ಕ ಇದು, ಹಬ್ಬದ್ದಲ್ಲ.

"ಗಂಡಸರ ಕೈಗೆ ಅಡುಗೆ ಬರಲ್ಲ" ಅನ್ನೋ ಮಾತೊಂದಿದೆ. ದಾವಣಗೆರೆ ಜಿಲ್ಲೆಯವರು ಈ ಮಾತು ಹೇಳಬಾರದು. ಬೆಣ್ಣೆ ದೋಸೆ ಹೋಟೆಲಿಗೆ ಹೋಗಿ ನೋಡಿ, ಕಾವಲಿ ಮುಂದೆ ನಿಂತವರು ಯಾರು? ಒಂದೇ ಸಲಕ್ಕೆ ಹತ್ತು ದೋಸೆ ಹೊಯ್ದು, ಒಂದೊಂದಕ್ಕೂ ಬೆಣ್ಣೆ ಬಿಟ್ಟು, ಯಾವುದು ಎಷ್ಟು ಕೆಂಪಾಯಿತು ಅಂತ ಕಣ್ಣಲ್ಲೇ ಅಳೆಯುತ್ತಾರೆ. ಆ ದೋಸೆ ಶುರುವಾದದ್ದು ಒಬ್ಬ ಹೆಣ್ಣುಮಗಳಿಂದ ಅಂತ ಹೇಳುತ್ತಾರೆ: ಬೆಳಗಾವಿ ಕಡೆಯಿಂದ ಮಕ್ಕಳನ್ನ ಕಟ್ಟಿಕೊಂಡು ಬಂದ ಚೆನ್ನಮ್ಮ 1928ರ ಸುಮಾರಿಗೆ ಹೊಟ್ಟೆಪಾಡಿಗೆ ದಾವಣಗೆರೆಯಲ್ಲಿ ದೋಸೆ ಹಾಕತೊಡಗಿದಳಂತೆ. ಮನೆ ಒಲೆಯ ಕೆಲಸ ಗಲ್ಲಾಪೆಟ್ಟಿಗೆ ಇರೋ ಕೆಲಸ ಆಯಿತು, ಸೌಟು ಗಂಡಸರ ಕೈಗೆ ಬಂತು. ಮದುವೆ ಛತ್ರದಲ್ಲಿ ಸಾವಿರ ಜನಕ್ಕೆ ಅಡುಗೆ ಮಾಡೋರು ಯಾರು? ಜಾತ್ರೆ ದಾಸೋಹದಲ್ಲಿ ಹಂಡೆಗಟ್ಟಲೆ ಪಾಯಸ ತಿರುವೋರು ಯಾರು? ಕೂಲಿ ಇದ್ದರೆ, ಇಲ್ಲಾ ಪುಣ್ಯ ಇದ್ದರೆ ಗಂಡಸಿಗೆ ಅಡುಗೆ ಬರುತ್ತದೆ. ಮನೆಯಲ್ಲಿ ಎರಡೂ ಇಲ್ಲ ನೋಡಿ, ಅದಕ್ಕೆ ಬರಲ್ಲ.

ಹಳೇ ಕಾಲದಲ್ಲಿ ಹೀಗಿರಲಿಲ್ಲ ಅನ್ನೋರಿಗೂ ಒಂದು ಮಾತು. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಮಾನಸೋಲ್ಲಾಸ ಅನ್ನೋ ಸಂಸ್ಕೃತ ಗ್ರಂಥದಲ್ಲಿ ಅಡುಗೆಗೆ ದೊಡ್ಡ ಜಾಗ ಕೊಟ್ಟಿದ್ದಾನೆ. 1508ರ ಸುಮಾರಿಗೆ ಮೂರನೇ ಮಂಗರಸ ಕನ್ನಡದಲ್ಲೇ, ಷಟ್ಪದಿಯಲ್ಲಿ, ಸೂಪಶಾಸ್ತ್ರ ಅಂತ ಅಡುಗೆ ಪುಸ್ತಕ ಬರೆದ. ಅಡುಗೆ ಬಗ್ಗೆ ಮಾತಾಡೋದು ಗಂಡಸಿಗೆ ಅವಮಾನ ಅಂತ ಅವರಿಗೇನೂ ಅನ್ನಿಸಿರಲಿಲ್ಲ. ಆದರೆ ಮಂಗರಸ ತಾನೇ ಪಾತ್ರೆ ತೊಳೆದನೋ ಇಲ್ಲವೋ, ಅದು ಬೇರೆ ಪ್ರಶ್ನೆ.

ಅಂಗಡಿ ಹೋಳಿಗೆ ತರೋರನ್ನ ನಾನು ಎರಡು ವರ್ಷದ ಹಿಂದೆ ಬೈದಿದ್ದೆ. ಆ ಬೈಗಳ ವಾಪಸ್ ತಗೊಳ್ಳುತ್ತೇನೆ. ಈಗ ಹರಿಹರದಲ್ಲೂ ದಾವಣಗೆರೆಯಲ್ಲೂ ಬಿಸಿ ಬಿಸಿ ಹೋಳಿಗೆ ಮಾಡಿ ಮಾರೋ ಸಣ್ಣ ಅಂಗಡಿಗಳಿವೆ. ಹಬ್ಬದ ಹಿಂದಿನ ದಿನ ಅಲ್ಲಿ ಸಾಲು ನಿಲ್ಲಬೇಕು. ನಾನು ನೋಡಿದ ಕಡೆ ಒಳಗೆ ಕೂತು ತಟ್ಟೋರು ಹೆಂಗಸರೇ. ಹಬ್ಬ ಕಳೆದ ಮೇಲೆ ಒಬ್ಬರನ್ನ ಮಾತಾಡಿಸಿದೆ. ವಯಸ್ಸು ಐವತ್ತರ ಮೇಲೆ. "ಅಕ್ಕಾ, ದಿನಾ ಇಷ್ಟೊಂದು ತಟ್ಟಿದ್ರೆ ಕೈ ನೋಯಲ್ವಾ?" ಅಂದೆ. "ನೋಯ್ತೈತೆ ತಮ್ಮಾ. ಮನೇಲಿ ತಟ್ಟಿದಾಗ್ಲೂ ನೋಯ್ತಿತ್ತು. ಇಲ್ಲಿ ಸಂಜೆಗೆ ಕೂಲಿ ಕೊಡ್ತಾರೆ. ಅಲ್ಲಿ ಸಿಹಿ ಜಾಸ್ತಿ ಆತು, ದಪ್ಪ ಆತು ಅಂತ ಮಾತು ಕೊಡ್ತಿದ್ರು" ಅಂದರು. ಇದಕ್ಕೆ ನಾನು ಏನು ಬರೆಯಲಿ?

ಹಂಗಂತ ಎಲ್ಲರೂ ಅಂಗಡಿಯಿಂದ ತನ್ನಿ ಅಂತಲೂ ನಾನು ಹೇಳುತ್ತಿಲ್ಲ. ಕೆನೆ ಹಾಕಿದ ಸಕ್ಕರೆ ಹೋಳಿಗೆ ನನಗೆ ಯಾವ ಅಂಗಡಿಯಲ್ಲೂ ಸಿಕ್ಕಿಲ್ಲ. ಕೆನೆ ಹಾಕಿದ್ದು ಬೇಸಿಗೆಯಲ್ಲಿ ಎರಡು ದಿನದ ಮೇಲೆ ಇಡೋಕೆ ಭಯ, ಮಾರೋರಿಗೆ ಅದು ಕಟ್ಟುಪಡಿ ಆಗಲ್ಲ. ಅಂದರೆ ಇದು ಉಳಿದರೆ ಮನೆಯಲ್ಲೇ ಉಳಿಯಬೇಕು. ನಮ್ಮ ಮನೆಯಲ್ಲಿ ಇದು ಇದ್ದದ್ದು ಅವ್ವನ ಕೈಯಲ್ಲಿ ಮಾತ್ರ. ಬರೆದಿಟ್ಟ ಚೀಟಿ ಇಲ್ಲ, ಅಳತೆ ಇಲ್ಲ, "ಕೈಗೆ ಗೊತ್ತಾಗ್ತೈತೆ" ಅನ್ನೋದೇ ಅಳತೆ. ಕಾಲು ಕೆಜಿ, ನಾಲ್ಕು ಚಮಚ ಅಂತ ಮೇಲೆ ಬರೆದೆನಲ್ಲ, ಅವೆಲ್ಲ ನಾನು ಅವಳ ಮುಷ್ಟಿಯನ್ನ ತಕ್ಕಡಿಯಲ್ಲಿಟ್ಟು ತೂಗಿದ ಲೆಕ್ಕ. ಆ ಕೈ ಈಗ ಕೆಲಸ ನಿಲ್ಲಿಸಿದೆ. ಸೊಸೆ ಯಾಕೆ ಕಲಿತಿಲ್ಲ ಅಂತ ಊರವರು ಕೇಳುತ್ತಾರೆ. ಮಗ ಯಾಕೆ ಕಲಿತಿಲ್ಲ ಅಂತ ಮೂವತ್ತು ವರ್ಷದಲ್ಲಿ ಒಬ್ಬರೂ ನನ್ನ ಕೇಳಿಲ್ಲ. ತಿಂದವನು ನಾನು, ಹಾಡಿ ಹೊಗಳಿದವನು ನಾನು, ಮರೆಯಾಗುತ್ತಿದೆ ಅಂತ ಅತ್ತವನೂ ನಾನೇ. ಕಲಿಯಬೇಕಾದವಳು ಮಾತ್ರ ಬೇರೆ ಮನೆಯಿಂದ ಬಂದವಳು.

ಗಂಡಸು ಒಲೆ ಮುಂದೆ ಕೂತರೆ ಮನೆಗೆ ದರಿದ್ರ ಅಂತ ನಮ್ಮ ಬೀದಿಯ ಹಿರಿಯರೊಬ್ಬರು ಅವತ್ತೇ ಬಂದು ಹೇಳಿದರು. ಕೈಗೆ ಒಂದು ಹೋಳಿಗೆ ಕೊಟ್ಟೆ. ಮೇಲೆ ತುಪ್ಪ ಹಾಕಿಸಿಕೊಂಡು ತಿಂದರು. ಇನ್ನೊಂದು ಕೇಳಿ ಇಸಕೊಂಡು ಹೋದರು.

ಎಣ್ಣೆ ಕೈಯಲ್ಲಿ ತಟ್ಟುತ್ತ ಇದ್ದಾಗ ಡೆಸ್ಕಿನಿಂದ ಫೋನ್ ಬಂತು, "ಯುಗಾದಿ ಸಂಭ್ರಮ, ಮಾರುಕಟ್ಟೆಯಲ್ಲಿ ಹೂವಿನ ದರ ಏರಿಕೆ" ಸುದ್ದಿ ಇನ್ನೂ ಬಂದಿಲ್ಲ ಅಂತ. ಹೆಂಡತಿ ಫೋನ್ ಎತ್ತಿ, "ಹೋಳಿಗೆ ತಟ್ತಾ ಇದಾರೆ ಸಾರ್, ಹಂಚು ಇಳಿಸಿ ಮಾಡ್ತಾರೆ" ಅಂದಳು. ಆ ಕಡೆಯವರು ನಕ್ಕಿದ್ದು ನನಗೂ ಕೇಳಿಸಿತು. ಅವಳು ನಗಲಿಲ್ಲ, ಫೋನ್ ಇಟ್ಟು ಮಷೀನಿಗೆ ಹೋದಳು.

ಮಾರನೇ ದಿನ ಸಂಜೆ ಚಂದ್ರನ್ನ ನೋಡಿ ಅವ್ವನ ಕಾಲಿಗೆ ಬಿದ್ದೆ. ಉಳಿದಿದ್ದ ಒಂದು ಹೋಳಿಗೆಯನ್ನ ಅವಳು ಹಾಲಿನಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದಳು. ಹೆಂಗಿದೆ ಅಂತ ಕೇಳಿದೆ. ಅಂಚು ದಪ್ಪ ಆಗೈತೆ, ಕಣಕಕ್ಕೆ ಉಪ್ಪು ಮರೆತೀಯ ಅಂದಳು. ನಿಜ, ಮರೆತಿದ್ದೆ. ಆಮೇಲೆ ಬಟ್ಟಲು ಕೆಳಗಿಟ್ಟು, "ಕಾರ ಹುಣ್ಣಿಮೆಗೆ ಬೇಳೇದು ಮಾಡು. ನಂಗೆ ಕಟ್ಟಿನ ಸಾರು ಉಣ್ಬೇಕು ಅನ್ಸೈತೆ" ಅಂದಳು.